ಕುಗ್ಗಿದ ಪ್ಯಾಂಟು

ಎರಡೂ ಮಂಡಿಯ ಕೀಲು ಬದಲಿಸಿಕೊಂಡು ಮೂರು ತಿಂಗಳಾದ ಮೇಲೆ ಟೈಲರ್ ಮೊದಲ ಸಲ ಅಂಗಡಿಗೆ ಹೊರಟ. ಇಷ್ಟು ದಿನ ಚಡ್ಡಿಯಲ್ಲೇ ವಾಕರ್ ಹಿಡಿದು ಹಜಾರ ಸುತ್ತಿದ್ದ. ಫಿಸಿಯೋಥೆರಪಿಯವಳು "ಇನ್ನೂ ಸ್ವಲ್ಪ ಮಡಚಿ" ಅಂದಾಗಲೆಲ್ಲ ಹಲ್ಲು ಕಚ್ಚಿಕೊಂಡು ಮಡಚಿದ್ದ. ಇವತ್ತು ಕೊರಳಿಗೆ ಟೇಪು ಹಾಕಿ, ತಾನೇ ಹೊಲಿದ ಬೂದು ಪ್ಯಾಂಟು ಏರಿಸಿ ಕನ್ನಡಿ ನೋಡಿದರೆ, ಕಾಲುಚೀಲ ಇಣುಕುತ್ತಿದೆ!

"ಬಿಸಿನೀರಲ್ಲಿ ನೆನೆಹಾಕಿ ಪ್ಯಾಂಟು ಕುಗ್ಗಿಸಿಬಿಟ್ಯಲ್ಲೇ!" ಎಂದು ಹೆಂಡತಿಯ ಮೇಲೆ ಹರಿಹಾಯ್ದ. ಇನ್ನೊಂದು ಹಾಕಿದ. ಅದೂ ಗಿಡ್ಡ. ಮೂರನೆಯದೂ ಅದೇ ಕಥೆ.

ಹೆಂಡತಿ ಅವನ ಕೊರಳಿನ ಟೇಪನ್ನೇ ಎಳೆದುಕೊಂಡು ಪ್ಯಾಂಟು ಅಳೆದಳು. ಅಳತೆ ಪುಸ್ತಕದಲ್ಲಿ ಅವನೇ ಬರೆದಂತೆ ಮೂವತ್ತೆಂಟು ಇಂಚು. ಆಮೇಲೆ ಅವನ ಕಾಲು ಅಳೆದಳು. ಮೂವತ್ತೊಂಬತ್ತು.

"ಕುಗ್ಗಿದ್ದು ಪ್ಯಾಂಟಲ್ಲ ಕಣ್ರೀ, ಬೆಳೆದಿದ್ದು ನೀವು. ಬಿಲ್ಲಿನ ಹಾಗೆ ಬಾಗಿದ್ದ ಕಾಲು ನೆಟ್ಟಗಾಗಿದೆ."

ಊರವರ ಕಾಲನ್ನೆಲ್ಲ ಕೂದಲೆಳೆ ತಪ್ಪದಂತೆ ಅಳೆದವನು ಪೆಚ್ಚಾಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನೋಡಿದರೆ, ಇಷ್ಟು ವರ್ಷ ಅವನ ಕಣ್ಣಿಗೆ ಸಮನಾಗಿದ್ದ ಹೆಂಡತಿಯ ಕಣ್ಣು ಈಗ ತುಸು ಕೆಳಗಿತ್ತು.

"ಏ ಗಿಡ್ಡಿ," ಅಂದ.

ಅವಳ ಮಂಡಿಗಳೂ ಸವೆದು ಬಾಗಿದ್ದವು. ಆದರೂ ಎರಡು ವರ್ಷದಿಂದ "ಸತ್ತರೂ ಆಪರೇಷನ್ ಬೇಡ" ಎಂದು ಹಟ ಹಿಡಿದಿದ್ದವಳು, ಟೇಪನ್ನು ಅವನ ಕೊರಳಿಗೆ ಎಸೆದಳು.

"ಸಂಜೆ ಡಾಕ್ಟರ ಹತ್ರ ನನ್ನ ಹೆಸರೂ ಬರೆಸಿ. ನನ್ನ ಕಾಲು ನೆಟ್ಟಗಾಗೋವರೆಗೂ ನೀವೇ ಬಗ್ಗಿ ಮಾತಾಡಿಸಿ!"