ಮಘಂಗನ ಬೀಟು

ಸೊಂಟದುದ್ದ ಇಳಿದಿದ್ದ ಗುಂಡಿಯೊಳಗೆ ನಿಂತು ಕುಬೊ ಹಾರೆ ಎತ್ತಿ ಹಾಕುತ್ತಿದ್ದ. ಮೇಲೆ ರಸ್ತೆಯಲ್ಲಿ ಇನ್ನೊಂದು ಗಾಡಿ ಬಂದು ನಿಂತ ಸದ್ದಾಯಿತು.

"ಏಳನೇದು ಇದು," ಅಂದ ಮಣ್ಣು ಎತ್ತಿ ಹಾಕುತ್ತಿದ್ದ ಪಕ್ಕದ ಮನೆಯ ನ್ಯಾಂಬು. "ನೈರೋಬಿಯಿಂದ್ಲೂ ಬಂದವ್ರೆ. ಒಬ್ಬ ಗಾರ್ಡ್ ಸತ್ರೆ ಇಷ್ಟು ಜನ ಬರ್ತಾರೇನಯ್ಯಾ?"

"ಬದುಕಿದ್ದಾಗ್ಲೂ ಅಷ್ಟೆ. ಅವನು ಎಲ್ಲಿ ನಿಂತ್ರೂ ಜನ."

"ನೀನೂ ಅವನ ಜೊತೇಲೇ ಕೆಲಸಕ್ಕೆ ಸೇರಿದ್ದಲ್ವ?"

"ಒಂದೇ ದಿನ. ಒಂದೇ ಸಾಲಲ್ಲಿ ನಿಂತು."

ತಾನು ಸತ್ತರೆ ಎಷ್ಟು ಗಾಡಿ ಬಂದಾವು ಎಂದು ಕುಬೊ ಯೋಚಿಸಿದ. ಒಂದು ಬರಬಹುದಿತ್ತು, ಮಘಂಗ ಬದುಕಿದ್ದಿದ್ದರೆ. ಅವನೇ ಹೇಳಿ ಕರೆತರುತ್ತಿದ್ದ.

ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಿದ್ದ ಮಘಂಗ. ತ್ಸಾವೊ ಕಾಡಿನಲ್ಲಿ ಆನೆ ಕಾಯುತ್ತಾ ಇಪ್ಪತ್ತೊಂಬತ್ತು ವರ್ಷ ಸವೆಸಿದವನು. ಅಂಗಳದಲ್ಲಿ ಎಲ್ಲರ ಬಾಯಲ್ಲೂ ಅವನದೇ ಮಾತು.

"ಲದ್ದಿ ನೋಡಿದ್ರೆ ಸಾಕು, ಯಾವ ಆನೆಗೆ ಹೊಟ್ಟೆನೋವು ಅಂತ ಹೇಳ್ತಿದ್ದ ಕಣ್ರೀ," ಎಂದು ಒಬ್ಬ ಮುದುಕ ನಗುತ್ತಲೇ ಕಣ್ಣೊರೆಸಿಕೊಂಡ.

"ಅದು ನನಗೂ ಗೊತ್ತಾಗ್ತಿತ್ತು," ಅಂದ ಗುಂಡಿಯಿಂದ ಮೇಲೆ ಬಂದ ಕುಬೊ. ಯಾರಿಗೂ ಕೇಳಿಸಲಿಲ್ಲ.

*

ಹನ್ನೊಂದು ವರ್ಷದ ಹಿಂದೆ, ಮಳೆ ಕೈಕೊಟ್ಟ ವರ್ಷ ಅದು. ತಂಡಕ್ಕೆ ಹೊಸ ಮುಖ್ಯಸ್ಥ ಬೇಕಿತ್ತು. ಕುಬೊ ತನಗೇ ಸಿಗುತ್ತದೆಂದು ನಂಬಿ ಹೊಸ ಅಂಗಿ ಹೊಲಿಸಿದ್ದ. ಸಾಹೇಬರು ಮಘಂಗನ ಹೆಸರು ಕೂಗಿದರು. ಕುಬೊ ಆ ಹೊಸ ಅಂಗಿಯಲ್ಲೇ ನಿಂತು ಚಪ್ಪಾಳೆ ತಟ್ಟಿದ.

ಮರುದಿನ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ಅಡ್ಡದಾರಿ ಹಿಡಿದು ಮನೆಗೆ ಹೊರಟವನಿಗೆ ಮಘಂಗ ಗಸ್ತು ತಿರುಗುವ ಬೀಟಿನ ಹಳ್ಳದಲ್ಲಿ, ಆನೆಗಳು ನೀರಿಗಿಳಿಯುವ ಜಾಡಿನ ಮೇಲೆ, ಮೂರು ಕುಂಬಳಕಾಯಿ ಕಂಡವು. ಸುತ್ತಮುತ್ತ ಹೊಲವೇ ಇಲ್ಲ. ಕೂತು ನೋಡಿದ. ತೊಟ್ಟಿನ ಹತ್ತಿರ ದುಂಡಗೆ ಕೊಯ್ದು, ಮತ್ತೆ ಮುಚ್ಚಿದ್ದರು. ಒಳಗೇನಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಬಾಣ ಬಿಟ್ಟರೆ ಗಾಯ ಕಾಣುತ್ತದೆ, ವಿಷವಿಟ್ಟರೆ ಕಾಣುವುದಿಲ್ಲ. ಸತ್ತ ಆನೆ ಕೊಳೆಯುವವರೆಗೆ ಕಾದು, ದಂತ ಎಳೆದುಕೊಂಡು ಹೋದರಾಯಿತು.

ಎತ್ತಿ ಹೂಳಲು ಕಾಲು ಗಂಟೆ ಸಾಕಿತ್ತು. ಕುಬೊ ಎದ್ದು ಮೊಣಕಾಲಿನ ಮಣ್ಣು ಕೊಡವಿದ. ಅವನ ಬೀಟು, ಅವನೇ ನೋಡಿಕೊಳ್ಳಲಿ. ಒಂದು ಸಲವಾದರೂ ಅವನ ಕಣ್ಣು ತಪ್ಪಿತು ಅನ್ನಿಸಿಕೊಳ್ಳಲಿ.

ಮನೆಗೆ ಹೋಗಿ ಮಲಗಿದ.

ಎರಡು ಆನೆ ಸತ್ತವು, ಒಂದು ಮುದಿ ತಾಯಿ, ಒಂದು ಅದರ ಗಬ್ಬದ ಮಗಳು. ಮೈಮೇಲೆ ಗಾಯವಿಲ್ಲ, ದಂತ ಹಾಗೇ ಇದೆ. ಬಂದ ಅಧಿಕಾರಿ ಬರಗಾಲದ ಸಾವು ಎಂದು ಬರೆದುಕೊಂಡ. ಮಘಂಗ ಒಪ್ಪಲಿಲ್ಲ. ಹೆಣ ಸುಡಲು ಬಿಡದೆ ಎರಡು ದಿನ ನಾತದಲ್ಲೇ ಕೂತ, ಹೊಟ್ಟೆ ಕೊಯ್ಯಿಸಿದ, ಕುಂಬಳದ ಬೀಜ ಆರಿಸಿ ಪರೀಕ್ಷೆಗೆ ಕಳಿಸಿದ. ವಿಷವಿಟ್ಟ ಮೂವರೂ ಸಿಕ್ಕಿಬಿದ್ದರು. ಪೇಪರಿನಲ್ಲಿ ಅವನ ಫೋಟೊ ಬಂತು. ಕುಬೊ ಆ ಪೇಪರನ್ನು ಒಲೆಗೆ ಹಾಕಿದ.

*

"ಅಣ್ಣ, ಒಂದ್ನಿಮಿಷ ಬಾ ಇಲ್ಲಿ."

ಮಘಂಗನ ಹೆಂಡತಿ ವಕೆಶೊ ಅಡುಗೆಯ ಹೊಗೆಯಾಚೆ ನಿಂತಿದ್ದಳು. ಹೆಂಗಸರು ದೊಡ್ಡ ಪಾತ್ರೆಯಲ್ಲಿ ಬೇಯಿಸಿದ ಗೆಣಸು, ಕಾಳು ಮಿದಿಯುತ್ತಿದ್ದರು.

"ಗೆಳೆಯರ ಪರವಾಗಿ ನೀನು ಮಾತಾಡ್ಬೇಕಂತೆ. ಪಾದ್ರಿ ಹೆಸರು ಬರ್ಕೊಂಡವ್ರೆ."

"ನಂಗೆ ಮಾತು ಬರಲ್ಲಮ್ಮ. ಬೇರೆಯವರು ಬೇಕಾದಷ್ಟು ಜನ ಅವ್ರೆ."

"ಅವನಿಗೆ ಗೊತ್ತಿತ್ತು."

"ಏನು?"

"ಆ ಹಳ್ಳದಲ್ಲಿ ನಿನ್ನ ಹೆಜ್ಜೆ ಇತ್ತು. ಕೂತ ಗುರುತು, ಮೊಣಕಾಲು ಊರಿದ ಗುರುತು, ಎಲ್ಲಾ. ಹದಿನೆಂಟು ವರ್ಷ ನಿನ್ನ ಹಿಂದೆ ನಡೆದವನಿಗೆ ನಿನ್ನ ಹೆಜ್ಜೆ ತಿಳೀದೇನು? ಸಾಹೇಬ್ರು ಬರೋದ್ರೊಳಗೆ ಟೋಪಿಯಿಂದ ಅಳಿಸಿಬಿಟ್ಟನಂತೆ. ಮನೆಗೆ ಬಂದು, ಆ ಮರಿ ಆನೆ ಹೊಟ್ಟೇಲಿತ್ತಲ್ಲ, ಅದನ್ನ ನೆನೆಸ್ಕೊಂಡು ಅತ್ತ. ಇನ್ಯಾರಿಗೂ ಹೇಳ್ಬೇಡ ಅಂದ."

ಕುಬೊ ಅಂಗೈಗೆ ಅಂಟಿದ್ದ ಗುಂಡಿಯ ಮಣ್ಣು ಉಜ್ಜತೊಡಗಿದ.

"ಅವನು ನಿನ್ನನ್ನ ಕ್ಷಮಿಸಿದ್ನೋ ಇಲ್ವೋ, ನಾನು ಕೇಳಿಲ್ಲ," ಅಂದಳು ವಕೆಶೊ. "ನಾನಂತೂ ಕ್ಷಮಿಸಿಲ್ಲ. ಹನ್ನೊಂದು ವರ್ಷ ನಿನಗೆ ಟೀ ಕಾಸಿ ಕೊಟ್ಟಿದ್ದೀನಿ."

ಇದರಲ್ಲೂ ಅವನೇ ದೊಡ್ಡವನಾಗಿಬಿಟ್ಟನಲ್ಲ! ಮೊದಲು ಹೊಳೆದದ್ದು ಅದೇ. ಹಾಗೆ ಹೊಳೆಯಿತಲ್ಲ ಎಂದು ಕುಬೊಗೆ ತನ್ನ ಮೇಲೇ ಹೇಸಿಗೆಯಾಯಿತು.

ಪಾದ್ರಿ ಕರೆದರು. ಕುಬೊ ಹೋಗಿ ಹೆಣದ ಪೆಟ್ಟಿಗೆಯ ಪಕ್ಕ ನಿಂತ.

"ಆ ಕುಂಬಳಕಾಯಿನ ಮೊದಲು ನೋಡಿದ್ದು ನಾನು," ಅಂದ.

ಇಲಾಖೆಯ ಹುಡುಗರು ಚಪ್ಪಾಳೆ ತಟ್ಟಿದರು. ಕುಬೊ ಕೈಯೆತ್ತಿ ತಡೆದ.

"ತಟ್ಟಬೇಡಿ. ಆನೆ ತಿನ್ನೋಕೆ ಮುಂಚೆ, ಹಿಂದಿನ ದಿನವೇ ನೋಡಿದ್ದೆ. ನೋಡಿ ಹಾಗೇ ಬಿಟ್ಟು ಬಂದೆ. ಇವನ ಮೇಲಿನ ಹೊಟ್ಟೆಕಿಚ್ಚಿಗೆ."

ಹಾಡಲು ಎದ್ದಿದ್ದ ಹೆಂಗಸರು ಹಾಗೇ ಕೂತರು. ಮುಂದೇನು ಮಾಡಬೇಕೆಂದು ಪಾದ್ರಿಗೂ ತೋಚಲಿಲ್ಲ. ಕೊನೆಗೆ ಪ್ರಾರ್ಥನೆ ಹೇಳಿ ಪೆಟ್ಟಿಗೆ ಇಳಿಸಲು ಹೇಳಿದರು.

ಮಣ್ಣು ಮುಚ್ಚಲು ಮೊದಲ ಸಲಿಕೆ ಕುಬೊನೇ ಹಿಡಿದ. ಹತ್ತು ಸಲ ಎಳೆದು ಹಾಕುವಷ್ಟರಲ್ಲಿ ಇನ್ನೊಬ್ಬ ಬಂದು ಕೈಯಿಂದ ಸಲಿಕೆ ತೆಗೆದುಕೊಳ್ಳಬೇಕು, ಅವನಿಂದ ಮತ್ತೊಬ್ಬ, ಅದು ಅಲ್ಲಿಯ ರೂಢಿ. ಹತ್ತಾಯಿತು. ಇಪ್ಪತ್ತಾಯಿತು. ಯಾರೂ ಬರಲಿಲ್ಲ. ನ್ಯಾಂಬು ನೆಲ ನೋಡುತ್ತ ನಿಂತಿದ್ದ. ಬಿಸಿಲು ನೆತ್ತಿಗೇರಿತ್ತು, ಕುಬೊನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಉಸಿರು ತಿರುಗಿಸಿಕೊಳ್ಳಲು ಒಮ್ಮೆ ತಲೆಯೆತ್ತಿದ. ನೆರೆದಿದ್ದ ಅಷ್ಟೂ ಜನ, ಮಘಂಗನಿಗಾಗಿ ಬಂದವರು, ಅವನೊಬ್ಬನನ್ನೇ ನೋಡುತ್ತಿದ್ದರು.