ಎಕ್ಸಲೆನ್ಸ್ ಪಡೆದ ಅತ್ತಿಗೆ, ಮಾತು ಬಿಟ್ಟ ನಾದಿನಿ

೧
ಎಲ್ಲಿಂದ ಶುರು ಮಾಡಲಿ? ಹೇಳಲು ಏನೂ ಇಲ್ಲದವನು ಮಾತ್ರ ನಿಘಂಟಿನಿಂದ ಶುರು ಮಾಡುತ್ತಾನೆ ಎಂದು ನಮ್ಮ ಸಂಜೆ ಕಾಲೇಜಿನ ಮೇಷ್ಟ್ರು ಹೇಳುತ್ತಿದ್ದರು. (ಅವರು ಇದನ್ನು ಓದಲಾರರು ಎಂಬ ಧೈರ್ಯದಿಂದ ನಿಘಂಟು ತೆಗೆದಿದ್ದೇನೆ.)

ಎಕ್ಸಲೆನ್ಸ್: ಮೂಲ ಲ್ಯಾಟಿನ್. ಉಳಿದವರಿಗಿಂತ ಮೇಲೆದ್ದು ನಿಲ್ಲುವುದು. ನಮ್ಮ ‘ಉತ್ಕೃಷ್ಟ’ ಸಂಸ್ಕೃತದಿಂದ ಬಂದದ್ದು: ಮೇಲಕ್ಕೆ ಎಳೆಯಲ್ಪಟ್ಟದ್ದು. ಅಲ್ಲಿ ತಾನೇ ಏಳಬೇಕು, ಇಲ್ಲಿ ಯಾರಾದರೂ ಎಳೆಯಬೇಕು. ಚೆನ್ನಾಗಿದೆಯಲ್ಲವೇ? ಇಲ್ಲವೆಂದರೆ ಹೇಳಿಬಿಡಿ, ಹೊಡೆದುಹಾಕುತ್ತೇನೆ.

೨
ಹೊಡೆದುಹಾಕುವಂತಿಲ್ಲ, ಅತ್ತಿಗೆ ಕಾಯುತ್ತಿದ್ದಾಳೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳೂ ಅವಳ ನಾದಿನಿಯೂ ಜೋಡಿ. ದೊಡ್ಡ ಬೆಡ್‌ಶೀಟ್ ಒಬ್ಬರ ಕೈಗೆ ಬಗ್ಗುವುದಿಲ್ಲ. ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು ಜಗ್ಗಿ ಸುಕ್ಕು ಬಿಡಿಸಬೇಕು. ಆದರೆ ಈ ವರ್ಷದ ಎಕ್ಸಲೆನ್ಸ್ ಪ್ರಶಸ್ತಿ ಅತ್ತಿಗೆಗೆ ಮಾತ್ರ. ಫಲಕದಲ್ಲಿ ಒಂದೇ ಹೆಸರಿಗೆ ಜಾಗವಂತೆ. ನಾಳೆ ವೇದಿಕೆಯಲ್ಲಿ ಅವಳು ಆ ಪದದ ಬಗ್ಗೆ ಎರಡು ಮಾತಾಡಬೇಕು, ಬರೆದುಕೊಡಬೇಕಾದವನು ಈ ಕಥೆ ಬರೆಯುತ್ತಿರುವ ನಾನು. ನಾದಿನಿ ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದಾಳೆ.

೩
ಪದದ ಅರ್ಥ ಓದಿ ಹೇಳಿದೆ.

“ಮೇಲೆದ್ದು ನಿಲ್ಲೋದಾ?” ಎಂದಳು ಅತ್ತಿಗೆ. “ಹಾಗಾದ್ರೆ ಕೆಳಗೆ ಯಾರಾದ್ರೂ ಇರ್ಬೇಕಲ್ರೀ.”

ಆ ತುದಿಯಲ್ಲಿ ನಾದಿನಿ ಅಗತ್ಯಕ್ಕಿಂತ ಜೋರಾಗಿ ಜಗ್ಗಿದಳು.

“ಅದು ಬೇಡ. ಇನ್ನೊಂದಿದೆಯಲ್ಲ, ಎಳೆಯೋದು, ಅದನ್ನ ಹಾಕಿ.”

“ಫಲಕದ ಮೇಲಿರೋದು ಇಂಗ್ಲಿಷ್ ಪದ, ಅತ್ತಿಗೆ.”

“ಇರ್ಲಿ ಬಿಡಿ. ನನ್ನ ಮಾತು ಕೇಳ್ಬೇಕಾದೋಳು ಒಬ್ಬಳೇ.”

೪
ಮುಕ್ತಾಯ ಒಂದು: ಅತ್ತಿಗೆ ಪ್ರಶಸ್ತಿ ಬೇಡವೆನ್ನುತ್ತಾಳೆ. ಸಭೆ ಎದ್ದು ನಿಲ್ಲುತ್ತದೆ. (ಬರೆದದ್ದನ್ನು ನಾನೇ ಎರಡು ಸಲ ಓದಿಕೊಂಡೆ.)

“ಯಾಕ್ರೀ ಬೇಡ ಅನ್ಲಿ? ಹುಟ್ಟಿದಾಗಿನಿಂದ ನನಗೆ ಅಂತ ಯಾರೂ ಚಪ್ಪಾಳೆ ತಟ್ಟಿಲ್ಲ. ನನಗದು ಬೇಕು. ಇವಳೂ ಬೇಕು. ಬರೆಯೋಕೆ ಬಂದ್ರೆ ಬರೀರಿ, ಇಲ್ದಿದ್ರೆ ಪೆನ್ನು ಮುಚ್ಚಿ.”

ಹೊಡೆದುಹಾಕಿದೆ.

ಮುಕ್ತಾಯ ಎರಡು: ಅತ್ತಿಗೆ ನಾದಿನಿಯ ಕೈಹಿಡಿದು ಅವಳನ್ನೂ ವೇದಿಕೆಗೆ ಎಳೆದುಕೊಳ್ಳುತ್ತಾಳೆ. ನಿಘಂಟಿಗೂ ಸಮ್ಮತ! ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ನಾದಿನಿ ನನ್ನತ್ತ ತಿರುಗಿ, ಆ ದಿನದ ಮೊದಲ ಮಾತಾಡಿದಳು.

“ನಾನೇನು ಬೆಡ್‌ಶೀಟಾ, ಎಳೆಯೋಕೆ?”

ಅದನ್ನೂ ಹೊಡೆದುಹಾಕಿದೆ.

೫
ಮೂರನೆಯದು ಹೊಳೆಯುತ್ತಿಲ್ಲ. ಅಷ್ಟರಲ್ಲಿ ಇವರು ಮಡಚುತ್ತ ಮಡಚುತ್ತ ಹತ್ತಿರ ಬಂದು ಎದುರುಬದುರಾಗಿದ್ದಾರೆ. ಈ ಕೆಲಸದಲ್ಲಿ ದೂರ ನಿಂತು ಮುನಿಸಿಕೊಳ್ಳಲು ಆಗುವುದಿಲ್ಲ.

“ನಾಳೆ ಯಾವ ಬಟ್ಟೆ ಹಾಕ್ಕೋತೀರಿ?” ನಾದಿನಿ ಕೇಳಿದಳು, ಬೆಡ್‌ಶೀಟನ್ನೇ ನೋಡುತ್ತ.

“ಆ ನೀಲಿದು.”

“ಅದರ ತೋಳಿನ ಹೊಲಿಗೆ ಬಿಚ್ಚಿದೆ.”

“ಯಾರು ನೋಡ್ತಾರೆ ಬಿಡೇ.”

“ಮೇಲೆ ನಿಂತೋರನ್ನ ಎಲ್ರೂ ನೋಡ್ತಾರೆ ಅತ್ತಿಗೆ.”

(ಕೊಂಕೋ, ಕಾಳಜಿಯೋ? ಬರೆದವನಿಗೂ ಗೊತ್ತಿಲ್ಲ. ಅತ್ತಿಗೆಯೂ ಅವಳ ಮುಖದಲ್ಲಿ ಅದನ್ನೇ ಹುಡುಕುತ್ತಿದ್ದಾಳೆ.)

“ನೀನು ಹೊಲಿದು ಕೊಡ್ತೀಯಾ?”

ನಾದಿನಿ ಬಾಯಿ ತೆರೆದಳು. ನಾನು ಪೆನ್ನು ಮುಚ್ಚಿದೆ. ಬೇಜಾರು ಮಾಡಿಕೊಳ್ಳಬೇಡಿ; ಆ ಉತ್ತರ ಸಲ್ಲಬೇಕಾದದ್ದು ಅತ್ತಿಗೆಗೆ, ನಮಗಲ್ಲ.