ಯಾರ ಕೈಯೂ ತಾಕದ ಲೆಕ್ಕ

ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು ಸರ್ವಮಂಗಳಳಿಗೆ. ಕೆ.ಆರ್. ನಗರದ ಬೀಜ ಫಾರಮ್ಮಿನಲ್ಲಿ ಲೆಕ್ಕದ ಕೆಲಸ ಅವಳದು. ತೂತು ಹೊಡೆದ ಕಾರ್ಡುಗಳ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿನ ಕಂಪ್ಯೂಟರಿಗೆ ಎಡತಾಕಿ ಎಡತಾಕಿ ಸೊಂಟ ಬಿದ್ದುಹೋಗಿತ್ತು. ಹೋಗಲಿ, ಆ ಯಂತ್ರವಾದರೂ ಒಂದು ಮಾತಿಗೆ ನಿಲ್ಲಬೇಡವೇ? ಎರಡು ಭತ್ತದ ತಳಿಗಳಲ್ಲಿ ಬೆಂಕಿರೋಗ ತಡೆಯುವುದು ಯಾವುದು ಅಂತ ಕೇಳಿದರೆ ಮೊದಲ ಸಲ ಗಿಡ್ಡ ತಳಿ ಅಂದಿತು, ಮುಂದಿನ ಸಲ ಅದೇ ಕಾರ್ಡುಗಳಿಗೆ ಉದ್ದ ತಳಿ ಅಂದಿತು. ಮೊದಲ ಉತ್ತರ ನಂಬಿ, ಮಿರ್ಲೆಯಲ್ಲಿದ್ದ ಅಪ್ಪ ಸಣ್ಣಬೀರಯ್ಯನ ಕೈಲಿ ಗಿಡ್ಡ ತಳಿಯನ್ನೇ ಪೈರಿನ ಪಾತಿಗೆ ಚೆಲ್ಲಿಸಿದವಳು ಅವಳೇ. ಎಪ್ಪತ್ತೇಳರ ಆಷಾಢ ಮುಗಿಯುತ್ತಾ ಬಂದಿತ್ತು. ತಪ್ಪಾಗಿದ್ದರೆ ನಾಟಿಗೆ ಮುಂಚೆ ಹೇಳಬೇಕಿತ್ತು.

ತಪ್ಪು ಎಲ್ಲಿ ಅಂತ ಕೊನೆಗೂ ಸಿಕ್ಕಿತು. ಅವಳ ಪ್ರೋಗ್ರಾಮನ್ನು ತನ್ನ ಭಾಷೆಗೆ ತಿರುಗಿಸಿಕೊಳ್ಳುವಾಗ ಯಂತ್ರ, ಸರಾಸರಿ ತೆಗೆಯುವಂಥ ಸಿದ್ಧ ಪ್ರೋಗ್ರಾಮಿನ ತುಣುಕುಗಳನ್ನು ಅಲ್ಲಿನ ಡಿಸ್ಕಿನಿಂದ ಎತ್ತಿ ಜೋಡಿಸುತ್ತಿತ್ತು. ಆ ಡಿಸ್ಕು ಹತ್ತು ಜನರದ್ದು. ಯಾರೋ ಪುಣ್ಯಾತ್ಮ ತನ್ನ ಅನುಕೂಲಕ್ಕೆ ಒಂದು ತುಣುಕು ತಿದ್ದಿದರೆ ಇವಳ ಲೆಕ್ಕ ಕುಲಗೆಟ್ಟು ಹೋಗುತ್ತಿತ್ತು. ಬೇಕಾದ ತುಣುಕುಗಳನ್ನೆಲ್ಲ ತಾನೇ ಬರೆದು, ಕೈಲೆಕ್ಕ ಹಾಕಿ ಸರಿನೋಡಿ, ಕಾರ್ಡು ಹೊಡೆಸಿ ತನ್ನ ಡಬ್ಬಕ್ಕೇ ಸೇರಿಸಿದಳು. ಇನ್ನು ಡಿಸ್ಕಿನದು ಒಂದೂ ಬೇಡ.

“ಏನ್ರೀ ಮೇಡಮ್, ಮಡಿ ಅಡುಗೇನಾ? ನಮ್ ಪಾತ್ರೆ ಮುಟ್ಟಾಂಗಿಲ್ವಾ?” ಯಂತ್ರ ನಡೆಸುವ ಮಾದೇವ ನಕ್ಕ.

“ಅಂಗೇ ಅನ್ಕೊಳ್ಳಿ. ಇನ್ನೊಂದ್ಸಲ ಓಡ್ಸಿ.”

ಓಡಿಸಿದ. ಬೇರೆಯವರ ಕೆಲಸಗಳಾದ ಮೇಲೆ ಮತ್ತೊಮ್ಮೆ ಓಡಿಸಿದ. ಅಂಕಿ ಒಂದೂ ಅಲುಗಲಿಲ್ಲ. ಉದ್ದ ತಳಿಯೇ ಸರಿ, ಗಿಡ್ಡಕ್ಕೆ ಬೆಂಕಿರೋಗ ತಪ್ಪಿದ್ದಲ್ಲ. ಲೆಕ್ಕ ಕೊನೆಗೂ ಒಂದು ಮಾತಿಗೆ ನಿಂತಿತಲ್ಲ ಅಂತ ಸಂತೋಷಪಡುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಅಪ್ಪನ ಪಾತಿಯಲ್ಲಿದ್ದದ್ದು ಗಿಡ್ಡ ತಳಿಯೇ.

ಮಾರನೆಯ ದಿನ ಮಿರ್ಲೆಯಲ್ಲಿ ಬಸ್ಸಿಳಿದು ನೇರ ಗದ್ದೆಗೆ ಹೋದಳು. ಅಪ್ಪ ಪೈರು ಕೀಳುತ್ತಿದ್ದ.

“ಅಪ್ಪಾ, ಇದನ್ನ ನೆಡ್ಬೇಡ. ಫಾರಮ್ಮಲ್ಲಿ ಉದ್ದ ತಳಿ ಪೈರು ಮಿಕ್ಕೈತೆ, ಕೊಡಿಸ್ತೀನಿ. ಈಗ ಲೆಕ್ಕ ಸರಿಯಾಗ್ ಬಂದೈತೆ ಕಣಪ್ಪ.”

ಸಣ್ಣಬೀರಯ್ಯ ನಡು ನೆಟ್ಟಗೆ ಮಾಡಿ ಮಗಳನ್ನು ನೋಡಿದ. ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

“ಆವತ್ತೂ ಇಂಗೇ ಏಳಿದ್ದೆ ಕಣವ್ವ, ಸರಿಯಾಗ್ ಬಂದೈತೆ ಅಂತ. ಬುಡು, ದಣ್ದಿದ್ದೀಯ. ಮನೆಗೋಗಿ ಉಣ್ಣು.”

ಅವಳು ಮತ್ತೆ ಬಾಯಿ ತೆರೆದಳು. ಅಪ್ಪ ಆಗಲೇ ಬಗ್ಗಿ ಮುಂದಿನ ಕಂತೆಗೆ ಕೈ ಹಾಕಿದ್ದ.